ಸಂಸಾರೋಪಯೋಗಿ ವಿಚಾರ: ತಾರಸ್ವರದ ಗಾಯನವೂ ಡ್ಯಾಕ್ ಯಂತ್ರವೂ

ವಾಚಕ ಸೋದರಿಯೊಬ್ಬರು ನಮಗೆ ಬರೆದಿರುವರು. ಎಪ್ಪತ್ತು ದಾಟಿದ ಅವರ ತಾಯಿಯವರಿಗೆ ಎಸ್. ಜಾನಕಿಯವರ ಹಳೆಯ ಚಿತ್ರಗೀತೆಗಳೆಂದರೆ ಪ್ರಾಣ. ಆದರೆ ಈಚೆಗೆ ಸ್ವರವು ಮೇಲೇರಿದೊಡನೆಯೇ ಕಿವಿಗೆ ಚುಚ್ಚಿದಂತಾಗುವುದೆಂದು ಹೆಡ್‌ಫೋನನ್ನು ತೆಗೆದಿಡುವರಂತೆ. ಸೋದರಿಯ ತಮ್ಮನು ಒಂದು ತಿಂಗಳ ಸಂಬಳವನ್ನು ಸುರಿದು ಒಳ್ಳೆಯ ಡ್ಯಾಕ್ ತರುವೆನೆನ್ನುವನು. ತರಬಹುದೆ?

ಈಗಿನ ಹಾಡುಗಳು ಬಹುಮಟ್ಟಿಗೆ ಅಂಕಿಗಳ ರೂಪದಲ್ಲಿ ಅಡಗಿರುವುವು. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡೊಂದಕ್ಕೆ 44,100 ಬಾರಿ ಧ್ವನಿಯನ್ನಳೆದು ಬರೆದಿಡುವರು. ಈ ಅಂಕಿಗಳನ್ನು ಮರಳಿ ವಿದ್ಯುತ್ತಿನ ಅಲೆಯಾಗಿಸುವ ಉಪಕರಣವೇ ಡ್ಯಾಕ್. ಅದು ಮೊಬೈಲ್ ಫೋನಿನಲ್ಲಿ ಈಗಾಗಲೇ ಉಂಟು. ಬ್ಲೂಟೂತ್ ಹೆಡ್‌ಫೋನಾದರೆ ಅದರೊಳಗೇ ಉಂಟು. ಅಂಥವರು ಬೇರೊಂದನ್ನು ಕೊಂಡು ಮೇಜಿನ ಮೇಲಿಟ್ಟರೆ ಅದಕ್ಕೆ ಕೆಲಸವೇ ಇರದು.

ಹೆಣ್ಣುಕಂಠದ ತಾರಸ್ವರವನ್ನು ಹಿಡಿಯುವುದು ಯಂತ್ರಕ್ಕೆ ಕಷ್ಟವೆಂದು ಹಲವರು ಭಾವಿಸಿರುವರು. ಪಾಶ್ಚಾತ್ಯ ಸೊಪ್ರಾನೊ ಗಾಯಕಿಯರ ಹೆಸರಾಂತ ಮೇಲಿನ 'ಸಿ' ಸ್ವರವೂ ಸೆಕೆಂಡಿಗೆ ಸುಮಾರು 1,047 ಕಂಪನಗಳಷ್ಟೆ. ಡಿಸ್ಕಾದರೋ 20,000 ಕಂಪನಗಳನ್ನೂ ಹಿಡಿಯಬಲ್ಲದು. ಚುಚ್ಚುವುದು ಆ ಮೂಲಸ್ವರವಲ್ಲ, ಅದರ ಮೇಲಣ ಉಪಸ್ವರಗಳು, ಮತ್ತು ಸಕಾರ ಶಕಾರಗಳ ಸೀಟಿಯಂತಹ ಸದ್ದು. ನಮ್ಮ ಕಿವಿಯು 2,000ದಿಂದ 5,000 ಕಂಪನಗಳೊಳಗೆ ಅತಿ ಚುರುಕಾಗಿರುವುದು. ಅಲ್ಲಿ ಏರುಪೇರು ಮಾಡತಕ್ಕವು ಮುಖ್ಯವಾಗಿ ಹೆಡ್‌ಫೋನೂ ಧ್ವನಿಮುದ್ರಣವೂ. ಸರಿಯಾಗಿ ತಯಾರಾದ ಅಗ್ಗದ ಡ್ಯಾಕ್ ಕೂಡ ಅಲ್ಲಿ ಅಂಕಿಯನ್ನು ಇದ್ದಂತೆಯೇ ಒಪ್ಪಿಸುವುದು. 'ಮೃದುಧ್ವನಿ'ಯದೆಂದು ಮಾರುವ ಶೋಧಕವಿಲ್ಲದ ಕೆಲವು ಡ್ಯಾಕ್‌ಗಳು 20,000 ಕಂಪನಗಳ ಬಳಿ ಸುಮಾರು 3 ಡೆಸಿಬೆಲ್ ತಗ್ಗಿಸುವುವು, ನಿಜ. ಆದರೆ 5,000ದ ಬಳಿ ಆ ಇಳಿತವು ಡೆಸಿಬೆಲ್ಲಿನ ಕಾಲುಭಾಗವೂ ಇಲ್ಲ. ಆ ಹೆಸರಿಗೆ ಹಣ ತೆರುವುದು ನಮಗೆ ಸಮ್ಮತವಲ್ಲ.

ಫೋನಿನಲ್ಲಿ ತಂತಿ ಚುಚ್ಚುವ ತೂತಿಲ್ಲದಿದ್ದರೆ, ಅಥವಾ ಕಂಪ್ಯೂಟರಿನಿಂದ ಗುಂಯ್ ಎಂಬ ಸದ್ದು ಬರುತ್ತಿದ್ದರೆ, ಚಿಕ್ಕದೊಂದು ಡ್ಯಾಕ್ ತರಬಹುದು. ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಧ್ವನಿಯ ಗಟ್ಟಿತನವನ್ನು ಸಮ ಮಾಡಿಸಿ, ಯಾವುದು ಯಾವುದೆಂದು ನೋಡದೆ ಕೇಳತಕ್ಕುದು. ತುಸು ಗಟ್ಟಿಯಾದುದೇ ಸೊಗಸೆಂದು ತೋರುವುದು ಮನುಷ್ಯನ ಕಿವಿಗೆ ಸಹಜ.

ಆದರೆ ಸೋದರಿಯ ಪತ್ರದಲ್ಲಿ ನಮ್ಮನ್ನು ಚಿಂತೆಗೀಡುಮಾಡಿದುದು 'ಈಚೆಗೆ' ಎಂಬ ಒಂದು ಮಾತು. ಹಾಡು ಹಳೆಯದು, ಬದಲಾದುದು ಏನು? ವಯಸ್ಸಾದಂತೆ ಮೇಲಿನ ಕಂಪನಗಳು ಕೇಳದಾಗುವುವು; ವಿಚಿತ್ರವೆಂದರೆ, ಮೆಲ್ಲಗಿದ್ದರೆ ಕೇಳಿಸದ ಸದ್ದೇ ಸ್ವಲ್ಪ ಗಟ್ಟಿಯಾದೊಡನೆ ಸಹಿಸಲಾರದಂತಾಗುವುದೂ ಉಂಟು. ಇದನ್ನು ಯಾವ ಡ್ಯಾಕೂ ಸರಿಪಡಿಸದು. ತಾಯಿಯವರನ್ನು ಶ್ರವಣತಜ್ಞರಲ್ಲಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿರಿ. ಮೈಸೂರಿನ ಸುತ್ತಿನವರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಅಲ್ಲಿಯವರೆಗೆ ತಮ್ಮನ ಸಂಬಳವು ಬ್ಯಾಂಕಿನಲ್ಲಿರಲಿ. ಧ್ವನಿಯನ್ನು ಮಿತವಾಗಿಟ್ಟು, ಫೋನಿನ ಇಕ್ವಲೈಜರಿನಲ್ಲಿ ಮೇಲಿನ ಪಟ್ಟಿಗಳನ್ನು ಎರಡು ಮೂರು ಡೆಸಿಬೆಲ್ ಇಳಿಸಿ, ತಾಯಿಯವರು ಹಾಡನ್ನು ಕೊನೆಯವರೆಗೆ ಕೇಳುವರೋ ನೋಡಿ ನಮಗೆ ಬರೆಯಿರಿ.