ಕೊಯ್ದ ಕಿವಿ ಯಾರ ಕಣ್ಣಿಗೆ ಚಂದ?

ನಮ್ಮ ಕಡೆಯ ಹಟ್ಟಿಗಳಲ್ಲಿ ನಾಯಿ ಮರಿ ಹಾಕಿತೆಂದರೆ ಮೊದಲು ಕೇಳುವುದು ‘ಗಂಡೆಷ್ಟು?’ ಎಂದು. ಅದರ ಹಿಂದೆಯೇ ಬರುವ ಮಾತು, ‘ಕಿವಿ ಯಾವಾಗ ಕೊಯ್ಸಾದು?’ ಎಲ್ಲ ಮನೆಗಳಲ್ಲೂ ಹೀಗೆಯೇ ಎನ್ನಲಾರೆ. ಆದರೆ ಕುರಿ ರೊಪ್ಪಗಳ ಹತ್ತಿರ ಓಡಾಡಿದವರಿಗೆ ಇದು ಹೊಸದಲ್ಲ. ಮರಿ ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ಆ ಕೆಲಸ ಮುಗಿದುಬಿಡುತ್ತದೆ. ತಾಯಿಯನ್ನು ದೂರದ ಗೂಟಕ್ಕೆ ಕಟ್ಟುತ್ತಾರೆ. ಮರಿಯನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, ಕಿವಿಯನ್ನು ಉದ್ದಕ್ಕೆ ಮಡಿಚಿ, ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ಯುತ್ತಾರೆ. ಒಲೆಯ ಬೂದಿಗೆ ಅರಿಶಿನ ಕಲಸಿ ಗಾಯಕ್ಕೆ ಒತ್ತುತ್ತಾರೆ. ಮರಿ ತಲೆ ಒದರಿದಾಗಲೆಲ್ಲ ಬೂದಿ ಉದುರಿ ರಕ್ತ ಸಿಡಿಯುತ್ತದೆ. ಬಿಟ್ಟ ಕೂಡಲೇ ಅದು ತಾಯಿಯ ಹತ್ತಿರ ಓಡುವುದಿಲ್ಲ, ಹಿಂದಕ್ಕೆ ಹಿಂದಕ್ಕೆ ಸರಿದು ಗೋಡೆಗೆ ಆತುಕೊಳ್ಳುತ್ತದೆ. ನೊಣ ಕೂತು ಹುಳ ಬಿದ್ದರೆ ಆ ಮರಿ ಉಳಿಯುವುದು ಕಷ್ಟ. ಉಳಿದರೆ, ‘ನೋಡು, ಹೆಂಗೆ ಚುರುಕಾತು’ ಎನ್ನುತ್ತಾರೆ.

ಈಗ ಚಳ್ಳಕೆರೆಯಂಥ ಊರಿನಲ್ಲಿ ಇನ್ನೊಂದು ಬಗೆಯ ಕಿವಿಯನ್ನೂ ನೋಡುತ್ತಿದ್ದೇವೆ. ಹೊಸ ಬಡಾವಣೆಯ ಮನೆ, ಎತ್ತರದ ಗೇಟು, ಒಳಗೊಂದು ಡಾಬರ್‌ಮನ್ ಮರಿ. ಅದರ ಎರಡೂ ಕಿವಿಗೆ ಬಿಳಿ ಟೇಪು ಸುತ್ತಿ, ನಡುವೆ ಅಡ್ಡಪಟ್ಟಿ ಕಟ್ಟಿ ನೆಟ್ಟಗೆ ನಿಲ್ಲಿಸಿರುತ್ತಾರೆ. ಡಾಬರ್‌ಮನ್ ಕಿವಿ ಹುಟ್ಟುತ್ತಲೇ ಚೂಪಾಗಿ ನಿಂತಿರುತ್ತದೆಂದು ತಿಳಿದವರು ಬಹಳ ಮಂದಿ. ಹಾಗಿಲ್ಲ. ಅದರ ಕಿವಿಯೂ ಜೋಲುಗಿವಿಯೇ. ಏಳರಿಂದ ಹನ್ನೆರಡು ವಾರದ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟು ಕಿವಿಯ ದೊಡ್ಡ ಪಾಲನ್ನು ಕತ್ತರಿಸಿ ಹೊಲಿಗೆ ಹಾಕುತ್ತಾರೆ. ಉಳಿದ ಭಾಗ ನೆಟ್ಟಗೆ ನಿಲ್ಲುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪಟ್ಟಿ ಬಿಚ್ಚಿ ಕಟ್ಟುತ್ತಲೇ ಇರಬೇಕು. ಆ ವಯಸ್ಸಿನ ಮರಿ ಆಡಬೇಕು, ಜನರನ್ನು ಕಂಡು ಅಭ್ಯಾಸವಾಗಬೇಕು. ಅದರ ಬದಲು ಅದು ದಿನವಿಡೀ ಹಿಂಗಾಲಿನಿಂದ ಟೇಪು ಕೆರೆಯುತ್ತಿರುತ್ತದೆ.

ಹಟ್ಟಿಯ ಬ್ಲೇಡು, ಪಟ್ಟಣದ ಶಸ್ತ್ರಚಿಕಿತ್ಸೆ ಎರಡೂ ಬೇರೆ ಬೇರೆ ಎಂದು ವಾದಿಸುವವರಿದ್ದಾರೆ. ನೋವಿನ ಮಟ್ಟಿಗೆ ಬೇರೆ ಹೌದು. ಆದರೆ ಎರಡು ಕಡೆಯೂ ನಾಯಿಗೆ ಒಂದು ಕಾಯಿಲೆಯಿರಲಿಲ್ಲ, ಒಂದು ಗಾಯವಿರಲಿಲ್ಲ. ನೋಡುವವರ ಕಣ್ಣಿಗೆ ಅದು ಗಡುಸಾಗಿ ಕಾಣಬೇಕಿತ್ತು, ಅಷ್ಟೇ. ಈ ಕೆಲಸ ನಿಲ್ಲಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕುರಿಗಾಹಿಗಳ ಕಾರಣವನ್ನು ತಳ್ಳಿಹಾಕುವ ಮೊದಲು ಕಿವಿಗೊಟ್ಟು ಕೇಳಬೇಕು. ಅವರು ಚಂದಕ್ಕೆಂದು ಹೇಳುವುದಿಲ್ಲ. ‘ತೋಳ ಬಂದ್ರೆ ಮೊದ್ಲು ಕಿವಿಗೇ ಬಾಯಿ ಹಾಕ್ತದೆ, ಕಿವಿ ಇಲ್ಲದಿದ್ರೆ ಹಿಡಿತ ಸಿಗಲ್ಲ’ ಎನ್ನುತ್ತಾರೆ. ಬಯಲಿನಲ್ಲಿ ರಾತ್ರಿ ಮಂದೆ ತರುಬಿ ಮಲಗುವವರ ಮಾತು ಇದು. ಒಂದು ಕಾಲದಲ್ಲಿ ಇದರಲ್ಲಿ ಹುರುಳಿದ್ದಿರಬಹುದು. ಬೇರೆ ದೇಶಗಳ ಕುರಿಗಾಹಿಗಳೂ ಇದೇ ಕಾರಣ ಹೇಳಿ ಕಾವಲು ನಾಯಿಯ ಕಿವಿ ಕತ್ತರಿಸಿದ್ದಾರೆ. ಆದರೆ ತೋಳ ಕುತ್ತಿಗೆಯನ್ನೂ ಹಿಡಿಯುತ್ತದೆ. ಕುತ್ತಿಗೆ ಕಾಯಲು ಮುಳ್ಳಿನ ಪಟ್ಟಿ ಕಟ್ಟುವ ಪದ್ಧತಿ ಬಹಳ ದೇಶಗಳ ಕುರಿಗಾಹಿಗಳಲ್ಲಿದೆ. ಅದಕ್ಕೆ ತೊಗಲು, ನಾಲ್ಕು ಮೊಳೆ ಸಾಕು, ರಕ್ತ ಬೇಡ. ಇನ್ನು ಕೇಳುವ ಸಂಗತಿ. ಹೊರಗಿವಿ ಸದ್ದನ್ನು ಒಳಕ್ಕೆ ತುಂಬುವ ಆಲಿಕೆಯಂತೆ ಕೆಲಸ ಮಾಡುತ್ತದೆ. ಯಾವ ದಿಕ್ಕಿನಿಂದ ಸದ್ದು ಬಂತೆಂದು ಗುರುತಿಸಲು ನಾಯಿ ಅದನ್ನೇ ತಿರುಗಿಸುತ್ತದೆ. ಕತ್ತಲಲ್ಲಿ ಮಂದೆ ಕಾಯುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ? ಹೆದರಿದ್ದೇನೆ, ಸಿಟ್ಟಾಗಿದ್ದೇನೆ, ಆಡೋಣ ಬಾ ಎಂದು ಇನ್ನೊಂದು ನಾಯಿಗೆ ತಿಳಿಸುವುದಕ್ಕೂ ಅದಕ್ಕೆ ಕಿವಿ ಬೇಕು.

ಪಟ್ಟಣದವರು ಕೊಡುವ ಕಾರಣ ಆರೋಗ್ಯದ್ದು. ಗಾಳಿಯಾಡದ ಜೋಲುಗಿವಿಗೆ ಸೋಂಕು ಬೇಗ ತಗಲುತ್ತದಂತೆ. ಹಾಗಾದರೆ ಕಾಕರ್ ಸ್ಪಾನಿಯಲ್ ನಾಯಿಯ ಕಿವಿಯನ್ನು ಮೊದಲು ಕತ್ತರಿಸಬೇಕಿತ್ತು. ಕಿವಿಸೋಂಕಿಗೆ ಹೆಸರಾದ ತಳಿ ಅದು. ಅದರ ಉದ್ದ ಕಿವಿಯನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ಅದು ಉದ್ದವಾಗಿದ್ದರೇ ಮುದ್ದು. ಆರೋಗ್ಯದ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯಿದೆ ಎಂದು ನನಗನ್ನಿಸುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿರುವ ನೆಲ ನಮ್ಮದು. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆ ಆಜ್ಞೆ ತಂದೆತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು ಎನ್ನುವುದರ ಜೊತೆಗೇ ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು ಎಂದೂ ಹೇಳುತ್ತದೆ. ಇದೇ ಅರಸ ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಉತ್ತರದ ಕಂಬಗಳಲ್ಲಿ ಬರೆಸಿದ ಐದನೆಯ ಶಾಸನ ಇನ್ನೂ ಬಿಡಿಸಿ ಹೇಳುತ್ತದೆ: ಇಂತಿಂಥ ದಿನ ಹೋರಿ, ಹೋತ, ಟಗರುಗಳ ಬೀಜ ಒಡೆಯಬಾರದು, ಇಂತಿಂಥ ದಿನ ಕುದುರೆಗೂ ಎತ್ತಿಗೂ ಬರೆ ಹಾಕಬಾರದು. ಪೂರ್ತಿ ನಿಲ್ಲಿಸಿ ಎನ್ನಲಿಲ್ಲ. ಬೇಸಾಯಕ್ಕೆ ಬೇಕಾದ ನೋವು ಅದು, ಆದರೂ ನೋವೇ, ಅದಕ್ಕೊಂದು ಮಿತಿ ಇರಲಿ ಎಂಬ ಎಚ್ಚರ ಅಲ್ಲಿದೆ.

ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಓದಿದಾಗ ಈ ಶಾಸನ ನೆನಪಾಗುತ್ತದೆ. ಅನಗತ್ಯ ನೋವು, ಅಂಗಭಂಗ ಅಪರಾಧ ಎಂದು ಹೇಳಿ ಕಾಯ್ದೆ ಕೆಲವು ವಿನಾಯಿತಿ ಕೊಡುತ್ತದೆ: ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಅದೂ ನಿಯಮದ ಪ್ರಕಾರ. ನಾಯಿಯ ಕಿವಿ ಕೊಯ್ಯುವುದು ಈ ಪಟ್ಟಿಯಲ್ಲಿಲ್ಲ. ಅಂದಗಾಣಿಸಲು ಪ್ರಾಣಿಯ ಅಂಗ ಕತ್ತರಿಸುವುದಕ್ಕೆ ವಿನಾಯಿತಿ ಕೊಡಲು ಕಾಯ್ದೆ ಬರೆದವರಿಗೆ ಯಾವ ಕಾರಣವೂ ಕಾಣಲಿಲ್ಲ.

ಆಮೇಲೆ ನಡೆದದ್ದು ಬೇಸರ ತರುತ್ತದೆ. ಭಾರತೀಯ ಪಶುವೈದ್ಯ ಪರಿಷತ್ತು 2011ರಲ್ಲಿ ಬಾಲ, ಕಿವಿ ಕತ್ತರಿಸುವುದರ ವಿರುದ್ಧ ವೈದ್ಯರಿಗೆ ಸುತ್ತೋಲೆ ಹೊರಡಿಸಿತು. ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾ ಅದನ್ನು ಪ್ರಶ್ನಿಸಿತು, 2013ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಸುತ್ತೋಲೆ ಬಿದ್ದುಹೋಯಿತು. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ಸಾಕಣೆ ಮತ್ತು ಮಾರಾಟಕ್ಕೆ ನಿಯಮ ತಂದಿತು. ತಳಿಗಾರ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರಕೂಡದು, ಕಿವಿ ಬಾಲ ಕತ್ತರಿಸಕೂಡದು. ನಿಯಮ ಇದೆ, ದಂಡದ ಗತಿ ನೋಡಿ: 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. ಇಂದು ಒಬ್ಬನ ಊಟಕ್ಕೂ ಸಾಲದ ಮೊತ್ತ. ಇದನ್ನು ಏರಿಸಬೇಕೆಂಬ ಬೇಡಿಕೆ ಹಳೆಯದು, ಸಂಸತ್ತು ಇನ್ನೂ ಕದಲಬೇಕಿದೆ. ಇಂಗ್ಲೆಂಡಿನ ಕೆನೆಲ್ ಕ್ಲಬ್ 1898ರಲ್ಲೇ ಕಿವಿ ಕತ್ತರಿಸಿದ ನಾಯಿಗಳನ್ನು ಪ್ರದರ್ಶನದಿಂದ ಹೊರಗಿಟ್ಟಿತು. ಯುರೋಪಿನ 1987ರ ಸಾಕುಪ್ರಾಣಿ ಒಡಂಬಡಿಕೆ ಕಿವಿ ಕತ್ತರಿಸುವುದನ್ನೇ ನಿಷೇಧಿಸಿತು. ಅಮೆರಿಕದ ಪಶುವೈದ್ಯರ ಸಂಘವೂ ಇದನ್ನು ವಿರೋಧಿಸುತ್ತದೆ, ಆದರೆ ಅಲ್ಲಿನ ಪ್ರದರ್ಶನಗಳಲ್ಲಿ ಇಂದಿಗೂ ಕತ್ತರಿಸಿದ ಕಿವಿಗೆ ಪ್ರವೇಶವಿದೆ.

ಇಲ್ಲಿ ಒಂದು ಪ್ರಶ್ನೆ ನ್ಯಾಯವಾಗಿಯೇ ಬರುತ್ತದೆ. ಹಸುವಿನ ಕಿವಿ ಚುಚ್ಚಿ ಸರ್ಕಾರವೇ 12 ಅಂಕಿಯ ಹಳದಿ ಓಲೆ ಹಾಕುವುದಿಲ್ಲವೇ? ಸಂತಾನಹರಣ ಆದ ಬೀದಿ ನಾಯಿಯ ಕಿವಿಯಂಚನ್ನು ಗುರುತಿಗೆಂದು ಕತ್ತರಿಸುವುದಿಲ್ಲವೇ? ಕತ್ತರಿಸುತ್ತಾರೆ. ಅರಿವಳಿಕೆಯಲ್ಲಿ ನಾಯಿ ಮಲಗಿರುವಾಗಲೇ ಒಂದು ಚೂರು ತೆಗೆಯುತ್ತಾರೆ. ಆ ಗುರುತು ಇದ್ದರೆ ಅದೇ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಆ ಪುಟ್ಟ ಗಾಯದಿಂದ ನಾಯಿಗೇ ಲಾಭ. ಡಾಬರ್‌ಮನ್ ಕಿವಿಯಿಂದ ಲಾಭ ಗೇಟಿನೊಳಗಿನವರಿಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಗಡುಸುತನ ನೋಟದಲ್ಲಿದೆ ಎನ್ನುವವರಿಗೆ ನಮ್ಮ ನಾಡಿನ ಒಂದು ನಾಯಿಯ ಕತೆ ಹೇಳಬೇಕು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಾಡಿದ ಮಣಲೇರ, ಪರಾಕ್ರಮಕ್ಕೆ ಏನು ಬೇಕು ಎಂದು ಅರಸ ಕೇಳಿದಾಗ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಅದರೊಡನೆಯೇ ಸತ್ತಿತು. ಅದರ ನೆನಪಿಗೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಸುಮಾರು ಕ್ರಿ.ಶ. 950ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಧೋಳ ನಾಯಿಯನ್ನೇ ನೋಡಿ. ತಳಿಯ ಲಕ್ಷಣದಲ್ಲೇ ಅದರದು ಇಳಿಬಿದ್ದ ಕಿವಿ. ಅದೇ ಕಿವಿಯಿಟ್ಟುಕೊಂಡು ಮೊಲದ ಬೆನ್ನು ಹತ್ತಿದ್ದು, 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದದ್ದು.

ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಿಲ್ಲ. ಮರಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ‘ಕಿವಿ ಮುಟ್ಟಬೇಡಿ, ಹಾಗೇ ಕೊಡಿ’ ಎಂದರೆ ತಳಿಗಾರನಿಗೆ ಕತ್ತರಿಸಲು ಕಾರಣವೇ ಉಳಿಯುವುದಿಲ್ಲ. ಅವನು ಕತ್ತರಿಸುವುದು ಬೆಲೆ ಸಿಗುತ್ತದೆಂದು. ದಸರೆಯಲ್ಲಿ, ಕೃಷಿ ಮೇಳಗಳಲ್ಲಿ ಸರ್ಕಾರದ ಹಣದಿಂದ ನಡೆಯುವ ಶ್ವಾನ ಪ್ರದರ್ಶನಗಳು ಕಿವಿ ಕತ್ತರಿಸಿದ ನಾಯಿಗೆ ಬಹುಮಾನವಿಲ್ಲ ಎಂದು ಮುಂಚೆಯೇ ಸಾರಬೇಕು. ಮೊದಲೇ ಕತ್ತರಿಸಿಕೊಂಡು ಬಂದ ನಾಯಿಯದು ತಪ್ಪಿಲ್ಲ, ಅದಕ್ಕೆ ಚಿಕಿತ್ಸೆ, ಲಸಿಕೆ ಯಾವುದೂ ತಪ್ಪಬಾರದು.

ಹಟ್ಟಿಗಳಿಗೆ ಪೊಲೀಸರನ್ನು ಕಳಿಸಿ ಎಂದು ನಾನು ಕೇಳುವುದಿಲ್ಲ. ಕುರಿಗಾಹಿ ತನ್ನ ನಾಯಿಗೆ ಮುದ್ದೆ ಮುರಿದು ಹಾಕಿಯೇ ತಾನು ಉಣ್ಣುವವನು, ಅವನಿಗೆ ದಯೆ ಕಲಿಸುವ ಅಗತ್ಯವಿಲ್ಲ. ಅವನ ರೊಪ್ಪಕ್ಕೆ ಹೋಗಿ ಕೂತು ಮಾತಾಡುವ ಪಶುವೈದ್ಯರು ಬೇಕು. ಪ್ರತಿವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ನಾಯಿಗಳಿಗೆ ಲಸಿಕೆ ಹಾಕುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಪಶು ಆಸ್ಪತ್ರೆಗಳು ಈ ಸಲ ಕುರಿಗಳ ಜಂತುನಾಶಕದ ಜೊತೆಗೆ ನಾಯಿಯ ಲಸಿಕೆಯನ್ನೂ ಹಟ್ಟಿಗೇ ಒಯ್ಯಲಿ. ಮರಿ ಹಾಕಿದ ಮನೆ ಯಾವುದೆಂದು ಕೇಳಿ, ಬ್ಲೇಡು ತರುವ ಮೊದಲೇ ಆ ಮನೆಯ ಹಿರಿಯರ ಹತ್ತಿರ ಈ ಮಾತು ಎತ್ತಲಿ.