ಶೇ 60ರ ಜರಡಿ

ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಪ್ಲೇಸ್‌ಮೆಂಟ್ ಕಾಲ ಬಂದಾಗ ಒಂದು ಒಕ್ಕಣೆ ಮತ್ತೆ ಮತ್ತೆ ಹರಿದಾಡುತ್ತದೆ: ‘ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಕಡ್ಡಾಯ. ಬ್ಯಾಕ್‌ಲಾಗ್ ಇರಕೂಡದು. ಓದಿನ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಕೂಡದು.’ ಕ್ಯಾಂಪಸ್ ಮಾತಿನಲ್ಲಿ ಇದು ‘ಸಿಕ್ಸ್ಟಿ ಥ್ರೂಔಟ್’. ಬರುವ ಕಂಪನಿ ಬೇರೆ, ಕೊಡುವ ಪ್ಯಾಕೇಜ್ ಬೇರೆ, ಮಾಡಬೇಕಾದ ಕೆಲಸವೂ ಬೇರೆ. ಷರತ್ತು ಮಾತ್ರ ಬಹುತೇಕ ಅದೇ. ಕೆಲವರು 60ರ ಜಾಗದಲ್ಲಿ 65 ಅಥವಾ 70 ಹಾಕುತ್ತಾರೆ, ಅಷ್ಟೇ.

ಆಮೇಲೆ ನಡೆಯುವ ಕೆಲಸ ಕೆಲವೇ ನಿಮಿಷಗಳದ್ದು. ಎಕ್ಸೆಲ್ ಹಾಳೆ ತೆರೆದು ಎಸ್ಸೆಸ್ಸೆಲ್ಸಿ ಅಂಕದ ಕಾಲಂಗೆ ಫಿಲ್ಟರ್ ಹಾಕುತ್ತಾರೆ. 59.84 ಎಂದಿದ್ದ ಸಾಲು ಕಣ್ಮರೆಯಾಗುತ್ತದೆ. ಅದೇ ಸಾಲಿನ ಬಲತುದಿಯಲ್ಲಿ ಬಿಇ ಸಿಜಿಪಿಎ 8.4 ಎಂದಿರಬಹುದು, ಆ ಹುಡುಗ ತಾನೇ ಬರೆದ ಪ್ರೋಗ್ರಾಂನ ಕೊಂಡಿಯೂ ಇರಬಹುದು. ಅಲ್ಲಿಯವರೆಗೆ ಯಾರ ಕಣ್ಣೂ ಹೋಗುವುದಿಲ್ಲ. ಹದಿನೈದು, ಹದಿನಾರರ ವಯಸ್ಸಿನಲ್ಲಿ ಬರೆದ ಪರೀಕ್ಷೆ ಇಪ್ಪತ್ತೆರಡರ ಹರೆಯದವನ ಅನ್ನ ತೀರ್ಮಾನಿಸಿಯಾಯಿತು.

ಇಲ್ಲಿ ಸೋರಿಹೋಗುವವರು ಯಾರು ಎಂದು ನೋಡಿ. ನಮ್ಮ ಹಳ್ಳಿಗಳ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗಿ ವಿಜ್ಞಾನದ ಪಿಯುಸಿಗೆ ಸೇರುತ್ತಾಳೆ. ಅಲ್ಲಿ ಪಾಠ, ಪುಸ್ತಕ ಎರಡೂ ಇಂಗ್ಲಿಷ್. ನಿನ್ನೆಯವರೆಗೆ ‘ವೇಗೋತ್ಕರ್ಷ’ ಎಂದು ಕಲಿತದ್ದನ್ನು ಇವತ್ತಿನಿಂದ ‘ಆಕ್ಸಲರೇಷನ್’ ಎಂದು ಬರೆಯಬೇಕು. ಮೊದಲ ವರ್ಷವೆಲ್ಲ ಪಾಠ ಅರ್ಥವಾಗುವುದಕ್ಕಿಂತ ಭಾಷೆ ಅರ್ಥವಾಗುವುದರಲ್ಲೇ ಕಳೆಯುತ್ತದೆ. ಎರಡನೇ ವರ್ಷ ಶೇ 57 ಬಂದರೆ ಆಕೆಯ ಮಟ್ಟಿಗೆ ಅದು ಗೆದ್ದ ಲೆಕ್ಕ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಹೊತ್ತಿಗೆ ಚೇತರಿಸಿಕೊಂಡು ತರಗತಿಯ ಮುಂಚೂಣಿಗೆ ಬಂದಿರುತ್ತಾಳೆ. ಜರಡಿಗೆ ಈ ಏರುಗತಿ ಕಾಣುವುದಿಲ್ಲ, 57 ಮಾತ್ರ ಕಾಣುತ್ತದೆ. ಬಿದ್ದು ಎದ್ದವರನ್ನು ಹುಡುಕಿ ಕೆಲಸಕ್ಕೆ ಕರೆಯಬೇಕಾದ ಉದ್ಯಮ ಅವರನ್ನೇ ಹುಡುಕಿ ಹೊರಗಿಡುತ್ತಿದೆ.

ಇನ್ನೊಂದು ವಿಪರ್ಯಾಸ ಗಮನಿಸಿ. ಒಂದೇ ಪರೀಕ್ಷೆ ಮಕ್ಕಳ ಭವಿಷ್ಯ ನಿರ್ಧರಿಸಬಾರದು ಎಂದು ರಾಜ್ಯ ಸರ್ಕಾರ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿ, ಉತ್ತಮ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿಯನ್ನೂ ಕಿತ್ತುಹಾಕಿತು. ಪರೀಕ್ಷೆ ನಡೆಸಿದ ಮಂಡಳಿಯೇ ಮರೆಯಲು ಸಿದ್ಧವಿರುವುದನ್ನು ಕಂಪನಿಗಳು ಮರೆಯಲು ಒಪ್ಪುತ್ತಿಲ್ಲ.

ಉದ್ಯೋಗದಾತರ ಕಷ್ಟವೂ ಸುಳ್ಳಲ್ಲ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುವ ಕಾಲ ಇದು. ಬೆಂಗಳೂರಿನಲ್ಲಿ ಒಂದು ಹುದ್ದೆಗೆ ಜಾಹೀರಾತು ಕೊಟ್ಟರೆ ನೂರಾರು, ಕೆಲವೊಮ್ಮೆ ಸಾವಿರಾರು ರೆಸ್ಯೂಮೆಗಳು ಬಂದು ಬೀಳುತ್ತವೆ. ಎಲ್ಲವನ್ನೂ ಓದುವ ಪುರುಸೊತ್ತು ಯಾವ ಎಚ್‌ಆರ್‌ಗೂ ಇಲ್ಲ. ಜರಡಿ ಬೇಕು, ಒಪ್ಪೋಣ. ಅದರ ಕಣ್ಣು ಕೆಲಸದ ಅಳತೆಗೆ ಇದೆಯೇ ಎಂಬುದು ಪ್ರಶ್ನೆ. ಶೇ 60ಕ್ಕೂ ಜಾವಾ ಕೋಡ್ ಬರೆಯುವುದಕ್ಕೂ ಇರುವ ನಂಟನ್ನು ಯಾರೂ ತೂಗಿ ನೋಡಿದಂತಿಲ್ಲ. ಆ ಗೆರೆ ಹಾಕಿರುವುದು ಪಟ್ಟಿ ಚಿಕ್ಕದಾಗಲಿ ಎಂದು.

ಅನುಭವಿಗಳ ಪಾಡೂ ಬೇರೆಯಲ್ಲ. ಅವರ ರೆಸ್ಯೂಮೆಯನ್ನು ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುತ್ತದೆ. ಹುದ್ದೆಯ ವಿವರಣೆಯಲ್ಲಿರುವ ಪದಗಳು ರೆಸ್ಯೂಮೆಯಲ್ಲಿ ಹಾಗೆಯೇ ಸಿಕ್ಕರೆ ಸರಿ, ಅದೇ ಕೆಲಸವನ್ನು ಬೇರೆ ಮಾತಿನಲ್ಲಿ ಬರೆದಿದ್ದರೆ ಕೆಳಗೆ ಬೀಳುತ್ತದೆ. ಇದು ಗೊತ್ತಿರುವವರು ಜಾಹೀರಾತಿನ ಪದಗಳನ್ನೇ ಎತ್ತಿ ತಮ್ಮ ರೆಸ್ಯೂಮೆಗೆ ಅಂಟಿಸುತ್ತಾರೆ. ಉದ್ಯೋಗ ಪೋರ್ಟಲ್‌ನಲ್ಲಿ ಹೆಸರು ಮೇಲೆ ಬರಲೆಂದು ದಿನಾ ಬೆಳಿಗ್ಗೆ ಎದ್ದು ಪ್ರೊಫೈಲ್‌ನಲ್ಲಿ ಒಂದು ಪದ ತಿದ್ದಿ ‘ಅಪ್‌ಡೇಟ್’ ಒತ್ತುವುದು ಐಟಿ ಮಂದಿಯ ನಿತ್ಯಕರ್ಮವಾಗಿದೆ. ಹೀಗೆ ಸೋಸಿದಾಗ ಕೆಲಸ ಬಲ್ಲವರಿಗಿಂತ ಜರಡಿಯ ಗುಟ್ಟು ಬಲ್ಲವರು ಮೇಲೆ ಉಳಿಯುತ್ತಾರೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಉದ್ಯೋಗದಾತರನ್ನು ಕೇಳಿ ಒಂದು ವರದಿ ಪ್ರಕಟಿಸಿದವು. ಷರತ್ತುಗಳಿಗೆ ತಾಳೆಯಾಗದ ಒಂದೇ ಕಾರಣಕ್ಕೆ ಅರ್ಹರೂ ಹೊರಬೀಳುತ್ತಿದ್ದಾರೆ ಎಂದು ಶೇ 88ರಷ್ಟು ಉದ್ಯೋಗದಾತರು ತಾವೇ ಒಪ್ಪಿಕೊಂಡರು. ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸದಲ್ಲಿ ಇಲ್ಲದವರನ್ನು ಸುಮಾರು ಅರ್ಧದಷ್ಟು ಕಂಪನಿಗಳು ಸೋಸಿ ತೆಗೆಯುತ್ತಿದ್ದವು. ಆ ಆರು ತಿಂಗಳು ಹೆರಿಗೆಯಾಗಿರಬಹುದು, ಹಾಸಿಗೆ ಹಿಡಿದ ಅತ್ತೆಯ ಆರೈಕೆಯಾಗಿರಬಹುದು. ಕಂಪ್ಯೂಟರಿಗೆ ಎಲ್ಲವೂ ‘ಗ್ಯಾಪ್’.

ಜರಡಿ ಕಂಪ್ಯೂಟರಿನದಾದರೆ ಪಕ್ಷಪಾತ ಇರುವುದಿಲ್ಲ ಎಂಬ ನಂಬಿಕೆಯೂ ನಿಂತಿಲ್ಲ. ಅಮೆಜಾನ್ ಕಂಪನಿ ರೆಸ್ಯೂಮೆ ತೂಗಲು ತಯಾರಿಸುತ್ತಿದ್ದ ಎಐ ವ್ಯವಸ್ಥೆಯ ಕಥೆಯನ್ನು ರಾಯಿಟರ್ಸ್ 2018ರಲ್ಲಿ ಬಯಲಿಗೆಳೆಯಿತು. ಹತ್ತು ವರ್ಷಗಳ ಹಳೆಯ ಅರ್ಜಿಗಳಿಂದ ಅದಕ್ಕೆ ಪಾಠ ಹೇಳಿಸಿದ್ದರು. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂಬಂಥ ವಿವರ ಕಂಡರೆ ಯಂತ್ರ ಅಂಕ ಕಡಿಮೆ ಮಾಡುತ್ತಿತ್ತು. ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ನಿನ್ನೆಯ ನೇಮಕಾತಿಯಲ್ಲಿದ್ದ ಓರೆಕೋರೆಯನ್ನು ಯಂತ್ರ ಇಂದಿಗೆ ದಾಟಿಸುತ್ತದೆ, ವೇಗವಾಗಿ.

ಯಂತ್ರ ಇಲ್ಲದ ಕಡೆ ಹೆಸರು ಆ ಕೆಲಸ ಮಾಡುತ್ತದೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ದೇಶದಲ್ಲೇ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ ಅವರ ತಂಡ 4,808 ಅರ್ಜಿ ಕಳಿಸಿತು. ಓದು, ಅನುಭವ ಸಮಸಮ. ಅಡ್ಡಹೆಸರು ಮಾತ್ರ ಬೇರೆ: ಮೇಲ್ಜಾತಿಯದು, ದಲಿತರದು, ಮುಸ್ಲಿಮರದು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಇತ್ತು. ಆ ಅರ್ಜಿಗಳನ್ನು ಬದಿಗಿಟ್ಟವರಲ್ಲಿ ಎಷ್ಟೋ ಜನ ತಾವು ಜಾತಿ ನೋಡುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದವರೇ ಇರಬೇಕು.

ಕಾನೂನು ಏನು ಮಾಡುತ್ತಿದೆ? 2019ರ ವೇತನ ಸಂಹಿತೆ ನೇಮಕಾತಿಯಲ್ಲಿ ಲಿಂಗ ತಾರತಮ್ಯ ಕೂಡದು ಎನ್ನುತ್ತದೆ. ಜಾತಿ, ಧರ್ಮದ ಕಾರಣಕ್ಕೆ ಖಾಸಗಿಯವರು ಅರ್ಜಿ ತಳ್ಳಿಹಾಕುವುದನ್ನು ತಡೆಯುವ ಸಮಗ್ರ ಕಾನೂನು ನಮ್ಮಲ್ಲಿಲ್ಲ. ನ್ಯೂಯಾರ್ಕ್ ನಗರ 2023ರಿಂದ, ಅರ್ಜಿ ಸೋಸಲು ಯಂತ್ರ ಬಳಸುವವರು ವರ್ಷಕ್ಕೊಮ್ಮೆ ಅದರ ಪಕ್ಷಪಾತದ ಪರಿಶೋಧನೆ ಮಾಡಿಸಿ ಸಾರಾಂಶ ಪ್ರಕಟಿಸಬೇಕು ಎಂಬ ನಿಯಮ ಜಾರಿ ಮಾಡಿದೆ. ಯುರೋಪ್ ಒಕ್ಕೂಟದ 2024ರ ಎಐ ಕಾಯ್ದೆ ನೇಮಕಾತಿಯ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ ಅದೇ ವರ್ಷ ಜುಲೈನಲ್ಲಿ ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ತಿರುಗಿಬಿದ್ದರು, ಮಸೂದೆ ತಡೆಹಿಡಿಯಲ್ಪಟ್ಟಿತು. ಯಾರಿಗೆ ಎಷ್ಟು ಎಂಬ ಜಗಳದಲ್ಲಿ, ಈಗ ಹೇಗೆ ಸೋಸುತ್ತಿದ್ದೀರಿ ಎಂಬ ಸರಳ ಪ್ರಶ್ನೆ ಮುಂದೆ ಬರಲೇ ಇಲ್ಲ. ಕನ್ನಡ ಮಾಧ್ಯಮದ ಹುಡುಗಿಯನ್ನು ಪಿಯುಸಿ ಅಂಕದ ಹೆಸರಿನಲ್ಲಿ ಅಂಗಳದಲ್ಲೇ ತಡೆಯುವವರಿಗೆ ಎಷ್ಟು ಮೀಸಲು ವಿಧಿಸಿದರೂ ‘ಅರ್ಹರು ಸಿಗಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಾಡಬೇಕಾದ್ದು ಬಹಳ ದುಬಾರಿಯದೇನಲ್ಲ. ಪದವಿ ಮುಗಿಸಿದವರ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕವನ್ನು ಅರ್ಹತೆಯ ಗೆರೆಯಾಗಿ ಬಳಸುವುದನ್ನು ಕಂಪನಿಗಳು ನಿಲ್ಲಿಸಲಿ, ಬದಲಿಗೆ ಕೆಲಸಕ್ಕೆ ಸಂಬಂಧಿಸಿದ ಒಂದು ಗಂಟೆಯ ಪರೀಕ್ಷೆಯನ್ನು ಎಲ್ಲರಿಗೂ ಕೊಡಲಿ. ಯಾವ ಫಿಲ್ಟರ್ ಹಾಕುತ್ತೇವೆ ಎಂಬುದನ್ನು ಜಾಹೀರಾತಿನಲ್ಲೇ ಬರೆಯಲಿ. ಮೊದಲ ಸುತ್ತಿನಲ್ಲಿ ಹೆಸರು, ಫೋಟೊ ಮುಚ್ಚಿಟ್ಟು ಓದಲಿ. ಆಯ್ಕೆಯಾಗದವರಿಗೆ ಒಂದು ಸಾಲಿನ ಕಾರಣ ತಿಳಿಸಲಿ. ಸಾವಿರ ಅರ್ಜಿ ಕ್ಷಣದಲ್ಲಿ ಸೋಸುವ ಸಾಫ್ಟ್‌ವೇರಿಗೆ ಸಾವಿರ ಉತ್ತರ ಕಳಿಸುವುದು ಭಾರವಲ್ಲ. ರಾಜ್ಯದ ಜಮೀನು, ರಿಯಾಯಿತಿ ಪಡೆಯುವ ಕಂಪನಿಗಳಿಗಾದರೂ ಸರ್ಕಾರ ಇಷ್ಟನ್ನು ಷರತ್ತಾಗಿ ವಿಧಿಸಬೇಕು. ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಈ ವರ್ಷವೇ ಕಂಪನಿಗಳನ್ನು ಒಂದು ಮಾತು ಕೇಳಲಿ: ‘ಈ ಶೇ 60 ಯಾತಕ್ಕೆ?’ ಉತ್ತರ ಬರದಿದ್ದರೆ ಆ ಫಿಲ್ಟರನ್ನು ತೆಗೆಸುವವರೆಗೆ ಕೇಳುತ್ತಲೇ ಇರಲಿ.