ತಿಂಗಳಿಗೆ ಶೇ 3ರ ಆಸೆಯೂ, ಕಿರುಗಾವಲಿನ ಗದ್ದೆಯ ಲೆಕ್ಕವೂ

ಕಿರುಗಾವಲು (ಮಂಡ್ಯ ಜಿಲ್ಲೆ): ಬನ್ನೂರಿನಿಂದ ಮಳವಳ್ಳಿಗೆ ಸಾಗುವ ಹಾದಿಯಲ್ಲಿರುವ ಕಿರುಗಾವಲು, ದೇಸಿ ಭತ್ತದ ತಳಿಗಳಿಂದ ನಾಡಿಗೆ ಪರಿಚಿತ. ಇಲ್ಲಿನ ರೈತ ಸೈಯದ್ ಗನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನೂ, ಬಡಾ ಬಾಗ್ ಎಂಬ ಹಳೆಯ ತೋಟದಲ್ಲಿ ನೂರಕ್ಕೂ ಹೆಚ್ಚು ಮಾವಿನ ತಳಿಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ದೇಸಿ ತಳಿಗಳ ಇಳುವರಿ ಹೈಬ್ರಿಡ್‌ನಷ್ಟು ಇರುವುದಿಲ್ಲ. ಆದರೆ ಕೆಲವು ನೀರಿನ ಕೊರತೆಯನ್ನು ತಾಳಿಕೊಂಡರೆ, ಮತ್ತೆ ಕೆಲವು ನೆರೆಗೆ ಬಗ್ಗುವುದಿಲ್ಲ. ಒಂದೇ ಏಟಿಗೆ ಎಲ್ಲವೂ ನೆಲಕಚ್ಚುವ ಸಂಭವ ಕಡಿಮೆ. ಹಣ ಹೂಡಿಕೆಯ ಮೂಲ ತತ್ವವೂ ಇದಕ್ಕಿಂತ ಭಿನ್ನವಲ್ಲ.

ಅಪಾಯವೆಂದರೇನೆಂದು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದಾದರೂ, ಬಾಕಿಗಾಗಿ ರೈತರು ಬೀದಿಗಿಳಿದದ್ದು ಎಷ್ಟೋ ಬಾರಿ. ಹೀಗೆ ಬೆವರಿನಿಂದ ಬಂದ ಹಣವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಎದುರಾದಾಗ ಮಾತ್ರ ಈ ಎಚ್ಚರ ಸಡಿಲಗೊಳ್ಳುತ್ತದೆ.

ಐಎಂಎ ಪ್ರಕರಣ ಇದಕ್ಕೆ ನಿದರ್ಶನ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ಬಡ್ಡಿರಹಿತ, ಧರ್ಮಸಮ್ಮತ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿತು. ತಿಂಗಳಿಗೆ ಶೇ 2.5ರಿಂದ 3ರಷ್ಟು ಲಾಭಾಂಶದ ಭರವಸೆ ಅದರದಾಗಿತ್ತು. 2019ರ ಜೂನ್‌ನಲ್ಲಿ ಸಂಸ್ಥಾಪಕ ಮನ್ಸೂರ್ ಖಾನ್ ದುಬೈಗೆ ತೆರಳಿದರು. ಜುಲೈನಲ್ಲಿ ದೆಹಲಿಯಲ್ಲಿ ಬಂಧನವಾಯಿತು. ಬಳಿಕ ತನಿಖೆ ಸಿಬಿಐಗೆ ಹೋಯಿತು. ವಂಚನೆಯ ಆರೋಪದ ಮೊತ್ತ ಸುಮಾರು 4,000 ಕೋಟಿ ರೂ. ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಮಗಳ ಮದುವೆಗೆ, ಹಜ್ ಯಾತ್ರೆಗೆ, ಮನೆಗೆಂದು ಕೂಡಿಟ್ಟ ಮಧ್ಯಮ ಮತ್ತು ಬಡ ವರ್ಗದ ಮುಸ್ಲಿಮರು.

ತಿಂಗಳಿಗೆ ಶೇ 3 ಎಂದರೆ ಒಂದು ಲಕ್ಷ ರೂ.ಗೆ ವರ್ಷಕ್ಕೆ 36 ಸಾವಿರ ರೂ. ಬ್ಯಾಂಕುಗಳು ಶೇ 7ರ ಆಸುಪಾಸಿನಲ್ಲಿ ನೀಡುತ್ತಿರುವಾಗ ಇದು ಐದು ಪಟ್ಟು. ಹೂಡಿಕೆದಾರನಿಗೆ ಅಷ್ಟು ಕೊಡಬೇಕಾದರೆ ಸಂಸ್ಥೆ ಅದಕ್ಕಿಂತಲೂ ಹೆಚ್ಚು ದುಡಿಯಬೇಕು. ಯಾವ ಪ್ರಾಮಾಣಿಕ ವ್ಯಾಪಾರವೂ ವರ್ಷಾನುವರ್ಷ, ಏರಿಳಿತವಿಲ್ಲದೆ ಇದನ್ನು ಕೊಡಲಾರದು. ಹೆಚ್ಚು ಪ್ರತಿಫಲ ಬೇಕೆಂದರೆ ಹೆಚ್ಚು ಅಪಾಯ ಹೊರಬೇಕು ಎಂಬುದು ನಿಯಮ. ಪ್ರತಿಫಲ ದೊಡ್ಡದಿದ್ದು ಅಪಾಯವೇ ಇಲ್ಲವೆಂದು ಯಾರಾದರೂ ಹೇಳಿದರೆ, ಅಪಾಯವನ್ನು ಮುಚ್ಚಿಡಲಾಗಿದೆ ಎಂದೇ ಅರ್ಥ.

ಹಾಗೆಂದು ಕಾನೂನುಬದ್ಧ ಹೂಡಿಕೆಗಳೆಲ್ಲ ಸುರಕ್ಷಿತವೆಂದೇನೂ ಅಲ್ಲ. 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಸೆನ್ಸೆಕ್ಸ್, 2009ರ ಮಾರ್ಚ್ ವೇಳೆಗೆ 8,200ಕ್ಕೂ ಕೆಳಗಿಳಿದಿತ್ತು. ಇಳಿಕೆ ಶೇ 60ಕ್ಕೂ ಅಧಿಕ. ನೂರು ರೂಪಾಯಿ ನಲವತ್ತಾದರೆ, ಮತ್ತೆ ನೂರಾಗಲು ಶೇ 150ರಷ್ಟು ಏರಬೇಕು. 2010ರ ನವೆಂಬರ್‌ನಲ್ಲಿ ಸೂಚ್ಯಂಕ ಹಳೆಯ ಮಟ್ಟದ ಸಮೀಪಕ್ಕೆ ಬಂದರೂ, ಅದನ್ನು ದಾಟಿ ನೆಲೆನಿಲ್ಲಲು 2013ರ ಕೊನೆಯವರೆಗೆ ಕಾಯಬೇಕಾಯಿತು. ಕಾಯಬಲ್ಲವನಿಗೆ ಇದು ಏರಿಳಿತ. ಮರುವರ್ಷವೇ ಮಗಳ ಮದುವೆ ಇಟ್ಟುಕೊಂಡವನಿಗೆ ನಷ್ಟ. ಆದ್ದರಿಂದ ಅಪಾಯವನ್ನು ಅಳೆಯುವಾಗ ಹಣ ಯಾವಾಗ ಬೇಕಾಗುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಬ್ಯಾಂಕ್ ಠೇವಣಿಗೂ ಮಿತಿಯುಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರಿಗೆ ತೆಗೆಯಲು ಅವಕಾಶವಿದ್ದುದು 35 ಸಾವಿರ ರೂ. ಮಾತ್ರ. ಅದೇ ವರ್ಷದ ಫೆಬ್ರುವರಿಯಿಂದ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷ ರೂ.ಗೆ ಏರಿತು. ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಎರಡರ ನಡುವಿನ ಈ ವ್ಯತ್ಯಾಸ ಗ್ರಾಮೀಣ ಠೇವಣಿದಾರರಲ್ಲಿ ಅನೇಕರಿಗೆ ತಿಳಿದಿಲ್ಲ.

ಠೇವಣಿದಾರರ ಹಿತರಕ್ಷಣೆಗೆ ರಾಜ್ಯದಲ್ಲಿ 2004ರ ಕಾಯ್ದೆಯಿದೆ; ಕೇಂದ್ರವು 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿದೆ. ಆದರೆ ಆಸ್ತಿ ಜಪ್ತಿ, ಹರಾಜು, ಹಂಚಿಕೆ ಇವೆಲ್ಲವೂ ಹಣ ಹೋದ ನಂತರದ ಮಾತು, ಅದೂ ವರ್ಷಗಟ್ಟಲೆ. ಕೊಡುವ ಮುನ್ನವೇ ಸಂಸ್ಥೆ ರಿಸರ್ವ್ ಬ್ಯಾಂಕ್ ಅಥವಾ ಸೆಬಿಯಲ್ಲಿ ನೋಂದಾಯಿತವೇ, ಹಣ ಎಲ್ಲಿ ತೊಡಗುತ್ತದೆ, ನಷ್ಟವಾದರೆ ಹೊರುವವರು ಯಾರು ಎಂದು ಕೇಳುವುದೇ ಅಗ್ಗದ ರಕ್ಷಣೆ.

ಇಡೀ ಹೊಲಕ್ಕೆ ಒಂದೇ ತಳಿ ಬಿತ್ತಿ, ಬಿತ್ತನೆ ಬೀಜವನ್ನೂ ಮಾರಿಬಿಡುವ ರೈತನಿಲ್ಲ. ಉಳಿತಾಯದ ವಿಷಯದಲ್ಲಿಯೂ ಆತ ಅದೇ ವಿವೇಕವನ್ನು ತೋರಿದರೆ ಸಾಕು.